ಸಣ್ಣ ಕೋಣೆಯ ಸಂಗೀತ: ಸ್ಪೀಕರಿಗಿಂತ ಮೊದಲು ನಿಶ್ಶಬ್ದ

ನಲವತ್ತೈದು ಜನ ಕೂರುವ ಕೋಣೆ, ಒಂದು ಗಿಟಾರ್ ಅಥವಾ ವೀಣೆ, ಒಂದು ಕಂಠ. ಇಂಥ ಆಪ್ತ ಸಂಗೀತ ಕೋಣೆಗಳು ಪುಸ್ತಕದಂಗಡಿಯ ಮಹಡಿಯಲ್ಲಿ, ಕೆಫೆಯ ಹಿಂಬದಿಯಲ್ಲಿ, ಮನೆಯ ಹಜಾರದಲ್ಲಿ, ಹಳೆಯ ಗೋದಾಮಿನಲ್ಲಿ ಹುಟ್ಟಿಕೊಳ್ಳುತ್ತಿವೆ. ಅವುಗಳಲ್ಲಿ ಬಹಳಷ್ಟು ಹಿಡಿಯುವ ದಾರಿ ಒಂದೇ. ಆರಂಭ ಮೈಕ್ ಇಲ್ಲದೆ. ನಾಲ್ಕಾರು ಕಾರ್ಯಕ್ರಮ ಕಳೆಯುವಷ್ಟರಲ್ಲಿ "ಹಿಂದೆ ಕೂತವರಿಗೆ ಕೇಳಿಸ್ತಿಲ್ಲ" ಎಂಬ ದೂರು ಬರುತ್ತದೆ. ಒಂದು ಮೈಕ್ ಬರುತ್ತದೆ, ಅದರ ಬೆನ್ನಿಗೆ ಎರಡು ಸ್ಪೀಕರ್, ಆಮೇಲೆ ಕಲಾವಿದರಿಗೆ ತಮ್ಮದೇ ದನಿ ಕೇಳುತ್ತಿಲ್ಲವೆಂದು ಅವರತ್ತ ಮುಖ ಮಾಡಿದ ಇನ್ನೊಂದು ಸ್ಪೀಕರ್, ಅಂದರೆ ಮಾನಿಟರ್. ಸಂಗೀತದ ಸದ್ದು ಏರಿದಂತೆ ಜನರ ಮಾತೂ ಏರುತ್ತದೆ, ಮಾತು ಏರಿದ್ದಕ್ಕೆ ಮತ್ತೆ ವಾಲ್ಯೂಮ್ ಏರುತ್ತದೆ. ಕೇಳುವುದಕ್ಕೆಂದೇ ಮಾಡಿದ ಕೋಣೆಯಲ್ಲಿ ಸಂಗೀತ ಹಿನ್ನೆಲೆಗೆ ಸರಿದುಬಿಡುತ್ತದೆ.

ಯಾರೂ ಬೇಕೆಂದು ಹೀಗೆ ಮಾಡುವುದಿಲ್ಲ. ಎಡವುವುದು ಮೊದಲ ಹೆಜ್ಜೆಯಲ್ಲೇ. ಹಿಂದಿನ ಸಾಲಿಗೆ ಕೇಳಿಸದೇ ಇದ್ದದ್ದು ವಾದ್ಯದ ಸದ್ದು ಸಾಲದ್ದಕ್ಕಲ್ಲ, ಕೋಣೆಯ ಸದ್ದು ಹೆಚ್ಚಾಗಿದ್ದಕ್ಕೆ. ಸಣ್ಣ ಕೋಣೆಗೆ ಇರುವ ಹಣದಲ್ಲಿ ಮೊದಲ ಪಾಲು ನಿಶ್ಶಬ್ದಕ್ಕೆ, ಎರಡನೆಯದು ಗೋಡೆಗೆ, ಉಳಿದರೆ ಮೈಕಿಗೆ ಹೋಗಬೇಕು. ಈಗ ಆಗುತ್ತಿರುವುದು ಇದರ ತಲೆಕೆಳಗು.

ತಳಸದ್ದಿನ ಲೆಕ್ಕ

ಯಾರೂ ನುಡಿಸದೆ, ಯಾರೂ ಮಾತಾಡದೆ ಇದ್ದಾಗಲೂ ಕೋಣೆಯಲ್ಲಿ ಉಳಿಯುವ ಸದ್ದನ್ನು ತಳಸದ್ದು ಎನ್ನೋಣ. ಫ್ರಿಜ್ಜಿನ ಕಂಪ್ರೆಸರ್, ಎ.ಸಿ., ಫ್ಯಾನ್, ದೀಪದ ಡಿಮ್ಮರಿನ ಝೇಂಕಾರ, ಬಾಗಿಲ ಸಂದಿಯಿಂದ ಬರುವ ರಸ್ತೆ ಎಲ್ಲ ಸೇರಿ ಇದಾಗುತ್ತದೆ. ಮೆಲ್ಲಗೆ ಮೀಟಿದ ತಂತಿಯ ನಾದ ಕೊನೆಯ ಸಾಲಿಗೆ 55 ಡೆಸಿಬಲ್‌ನಲ್ಲಿ ತಲುಪಿ, ಸೆಕೆಂಡಿಗೆ 10 ಡೆಸಿಬಲ್‌ನಂತೆ ಇಳಿಯುತ್ತದೆ ಎಂದುಕೊಳ್ಳಿ. ತಳಸದ್ದು 45 ಇದ್ದರೆ ಆ ನಾದ ಒಂದು ಸೆಕೆಂಡಿಗೆ ಮುಳುಗಿಹೋಗುತ್ತದೆ. ತಳಸದ್ದು 28 ಇದ್ದರೆ ಅದೇ ನಾದ ಸುಮಾರು ಎರಡೂ ಮುಕ್ಕಾಲು ಸೆಕೆಂಡು ಬದುಕುತ್ತದೆ. ವೀಣೆಯ ಗಮಕ, ಗಿಟಾರಿನ ತಂತಿ ಆರುವ ಹೊತ್ತು, ಗಾಯಕಿ ಉಸಿರು ಬಿಟ್ಟು ಹಿಡಿಯುವ ಎಡೆ, ಎಲ್ಲವೂ ಇರುವುದು ಹೆಚ್ಚಾಗಿ ಸಿಕ್ಕ ಆ ಒಂದೂ ಮುಕ್ಕಾಲು ಸೆಕೆಂಡಿನಲ್ಲಿ.

ಇದನ್ನೇ ಇನ್ನೊಂದು ಕಡೆಯಿಂದ ನೋಡಬಹುದು. ತಳಸದ್ದನ್ನು 45ರಿಂದ 30ಕ್ಕೆ ಇಳಿಸಿದರೆ ಸಿಗುವ 15 ಡೆಸಿಬಲ್ ಅಂತರವನ್ನು ಸ್ಪೀಕರಿನಿಂದ ಪಡೆಯಬೇಕಾದರೆ ಧ್ವನಿಯ ಶಕ್ತಿಯನ್ನು ಸುಮಾರು 32 ಪಟ್ಟು ಏರಿಸಬೇಕು, ಏಕೆಂದರೆ ಪ್ರತಿ 10 ಡೆಸಿಬಲ್ ಏರಿಕೆಗೆ ಶಕ್ತಿ ಹತ್ತು ಪಟ್ಟಾಗುತ್ತದೆ. ಹಾಗೆ ಏರಿಸಿದಾಗ ನಾದದ ಜೊತೆ ಬೆರಳಿನ ಉಜ್ಜು, ಮೈಕಿನ ಬಣ್ಣ, ಕೋಣೆಯ ಗುಂಗು ಎಲ್ಲವೂ ಏರುತ್ತವೆ. ಫ್ರಿಜ್ ನಿಲ್ಲಿಸಿದರೆ ಇವು ಯಾವುವೂ ಏರುವುದಿಲ್ಲ.

ಸದ್ದಿನ ಮಧ್ಯೆ ಮನುಷ್ಯ ತನಗೇ ತಿಳಿಯದೆ ದನಿ ಏರಿಸುತ್ತಾನೆ. ಫ್ರೆಂಚ್ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಲೊಂಬಾರ್ ಪರಿಣಾಮ ಎಂದೇ ಹೆಸರು. ವಾಲ್ಯೂಮ್ ಏರಿಸಿ ಮಾತನ್ನು ಮುಚ್ಚಿಹಾಕುತ್ತೇವೆ ಎಂಬ ಲೆಕ್ಕಾಚಾರ ಸೋಲುವುದು ಇಲ್ಲಿಯೇ. ಜೋರು ಸಂಗೀತದ ನಡುವೆ ಮಾತಾಡಿದರೆ ಯಾರಿಗೂ ತೊಂದರೆಯಾಗದು ಎಂದು ಜನಕ್ಕೆ ಅನ್ನಿಸುತ್ತದೆ. ಪಿಸುಮಾತೂ ಕೇಳಿಸುವ ಕೋಣೆಯಲ್ಲಿ ತಾವಾಗಿಯೇ ಸುಮ್ಮನಾಗುತ್ತಾರೆ.

ತಳಸದ್ದು ಹುಡುಕುವ ಕೆಲಸ ಕಾರ್ಯಕ್ರಮ ನಡೆಯುವ ಹೊತ್ತಿನಲ್ಲೇ, ಅಂದರೆ ಸಂಜೆಯೇ ಆಗಬೇಕು, ಬೆಳಗಿನ ರಸ್ತೆ ಬೇರೆ. ಫೋನಿನ ಡೆಸಿಬಲ್ ಆ್ಯಪ್ ನಿಖರ ಅಂಕಿ ಕೊಡದಿದ್ದರೂ ಹೋಲಿಕೆಗೆ ಸಾಕು. ಎಲ್ಲ ಚಾಲೂ ಇಟ್ಟು ಒಂದು ನಿಮಿಷ ಅಳೆಯಿರಿ, ನಂತರ ಒಂದೊಂದನ್ನೇ ಆರಿಸುತ್ತ ಅಳೆಯುತ್ತ ಹೋಗಿ. ಇಲ್ಲಿ ಡೆಸಿಬಲ್‌ನ ಕೂಡಿಕೆ ಗೊತ್ತಿರಬೇಕು. 45 ಡೆಸಿಬಲ್‌ನ ಎ.ಸಿ. ಮತ್ತು 38 ಡೆಸಿಬಲ್‌ನ ಫ್ರಿಜ್ ಸೇರಿದರೆ 83 ಅಲ್ಲ, 45.8. ಫ್ರಿಜ್ ಆರಿಸಿದರೆ ಒಂದು ಡೆಸಿಬಲ್ಲೂ ಇಳಿಯದು. "ಫ್ರಿಜ್ ನಿಲ್ಲಿಸಿದರೂ ವ್ಯತ್ಯಾಸವಿಲ್ಲ" ಎಂದು ಕೈಬಿಡುವವರು ಇಲ್ಲೇ ಮೋಸಹೋಗುತ್ತಾರೆ. ಎ.ಸಿ. ಆರಿಸಿದ ಮೇಲೆ ಫ್ರಿಜ್ಜೇ ಕೋಣೆಯ ದೊಡ್ಡ ಸದ್ದು. ಯಾವಾಗಲೂ ಅತಿ ಜೋರಿನದರಿಂದ ಶುರು ಮಾಡಿ, ಮತ್ತೆ ಅಳೆದು, ಈಗ ಯಾವುದು ದೊಡ್ಡದೋ ಅದಕ್ಕೆ ಹೋಗಬೇಕು. 30ರ ಆಸುಪಾಸಿಗೆ ಬಂದರೆ ಮೈಕ್ ಇಲ್ಲದ ಸಂಗೀತಕ್ಕೆ ಕೋಣೆ ಸಿದ್ಧ.

ಬಾಗಿಲಿನ ವಿಷಯದಲ್ಲಿ ಒಂದು ಮಾತು. ಗೋಡೆ ಎಷ್ಟೇ ದಪ್ಪವಿರಲಿ, ಒಟ್ಟು ಹರವಿನ ನೂರರಲ್ಲಿ ಒಂದು ಪಾಲು ತೆರೆದಿದ್ದರೂ ತಡೆಯುವ ಸದ್ದು 20 ಡೆಸಿಬಲ್ ದಾಟದು. ಬಾಗಿಲ ಕೆಳಗಿನ ಒಂದೂವರೆ ಸೆಂಟಿಮೀಟರ್ ಸಂದಿ ಬಾಗಿಲಿನ ಹರವಿನಲ್ಲಿ ಹೆಚ್ಚುಕಡಿಮೆ ಅಷ್ಟೇ. ಸುತ್ತ ರಬ್ಬರ್ ಪಟ್ಟಿ, ಕೆಳಗೆ ಮುಚ್ಚಿದಾಗ ತಾನೇ ಇಳಿಯುವ ಸೀಲ್ ಹಾಕುವುದು ಈ ಇಡೀ ಪಟ್ಟಿಯಲ್ಲೇ ಕಡಿಮೆ ಖರ್ಚಿನ ಕೆಲಸ. ಕುರ್ಚಿಯ ಕಾಲಿಗೆ ಫೆಲ್ಟ್ ತುಂಡು, ಕಿರುಗುಡುವ ಕೀಲಿಗೆ ಎಣ್ಣೆ ಕೂಡ ಇದೇ ಸಾಲಿಗೆ ಸೇರುತ್ತವೆ.

ಗಾಳಿ ಬೇಕು, ಗಾಳಿಯ ಸದ್ದು ಬೇಡ

ಎಲ್ಲ ಮುಚ್ಚಿ ಎಲ್ಲ ಆರಿಸಿದರೆ ಇನ್ನೊಂದು ತೊಂದರೆ ಎದುರಾಗುತ್ತದೆ. 8 ಮೀಟರ್ ಉದ್ದ, 6 ಅಗಲ, 3.2 ಎತ್ತರದ ಕೋಣೆಯಲ್ಲಿ 154 ಘನ ಮೀಟರ್ ಗಾಳಿ ಇರುತ್ತದೆ. ಸುಮ್ಮನೆ ಕೂತ ವಯಸ್ಕರೊಬ್ಬರು ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾರೆ. 45 ಜನ 45 ನಿಮಿಷ ಕೂತರೆ 600 ಲೀಟರ್ ದಾಟುತ್ತದೆ. ಪೂರ್ತಿ ಮುಚ್ಚಿದ ಕೋಣೆಯಲ್ಲಿ ಅದರ ಪ್ರಮಾಣ ಗಾಳಿಯ ಹತ್ತು ಲಕ್ಷ ಪಾಲಿಗೆ 4000 ಪಾಲಿನ ಮೇಲಕ್ಕೆ ಹೋಗುತ್ತದೆ. ಹೊರಗಿನ ಗಾಳಿಯಲ್ಲಿ ಅದು 420ರ ಸುತ್ತಮುತ್ತ. ಮೊದಲರ್ಧದ ಕೊನೆಗೆ ಕೇಳುಗರು ತೂಕಡಿಸುವುದಕ್ಕೆ ಕಲಾವಿದರನ್ನು ದೂರಬೇಕಿಲ್ಲ. ಜೊತೆಗೆ ತಲೆಗೆ ಸುಮಾರು 100 ವ್ಯಾಟ್‌ನಂತೆ ನಾಲ್ಕೂವರೆ ಕಿಲೋವ್ಯಾಟ್ ಶಾಖವೂ ಸೇರುತ್ತದೆ.

ಹೊಸದಾಗಿ ಕಟ್ಟುವವರಾದರೆ ಗಾಳಿಯ ಕೊಳವೆಯನ್ನು ದೊಡ್ಡದಾಗಿ ಮಾಡಿ, ಒಳಗೆ ಹೀರುವ ಪದರ ಕೊಟ್ಟು, ಒಂದೆರಡು ಬಾಗು ಇಟ್ಟು, ಗಾಳಿಯನ್ನು ನಿಧಾನಕ್ಕೆ ಬಿಡಬೇಕು. ಜಾಲರಿಯಲ್ಲಿ ಗಾಳಿಯ ವೇಗ ಅರ್ಧವಾದರೆ ಅದರ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. ಕಿರಿದಾದ ಬಾಯಿಯ ಚಿಕ್ಕ ಫ್ಯಾನಿಗಿಂತ ನಿಧಾನಕ್ಕೆ ತಿರುಗುವ ದೊಡ್ಡ ಫ್ಯಾನ್ ಮೇಲು. ಇರುವ ಕೋಣೆಯಲ್ಲೇ ನಡೆಸುವವರು ಜನ ಬರುವ ಮುನ್ನ ಕೋಣೆಯನ್ನು ಚೆನ್ನಾಗಿ ತಂಪು ಮಾಡಿ, 40 ನಿಮಿಷದ ಎರಡು ಭಾಗ ಇಟ್ಟು, ನಡುವಿನ 20 ನಿಮಿಷ ಎದುರುಬದುರಿನ ಬಾಗಿಲು ಕಿಟಕಿ ಪೂರ್ತಿ ತೆರೆಯಬೇಕು. ವಿರಾಮ ಕೋಣೆಗೂ ಬೇಕು.

ಗೋಡೆ ಹಿಂತಿರುಗಿಸುವ ಸದ್ದು

1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಉಪನ್ಯಾಸ ಕೊಠಡಿಯಲ್ಲಿ ಮಾತು ಅರ್ಥವಾಗುತ್ತಿಲ್ಲವೆಂಬ ದೂರು ಯುವ ಭೌತವಿಜ್ಞಾನಿ ವಾಲೇಸ್ ಸಾಬೀನ್ ಪಾಲಿಗೆ ಬಂತು. ಆತ ರಾತ್ರಿಯ ಹೊತ್ತು ಬೇರೊಂದು ರಂಗಮಂದಿರದ ಆಸನದ ದಿಂಬುಗಳನ್ನು ತಂದು ಹರಡುತ್ತ, ಸದ್ದು ಆರಲು ಬೇಕಾದ ಹೊತ್ತನ್ನು ಅಳೆಯುತ್ತ ಹೋದ. ಅದರಿಂದ ಹೊರಟ ಸೂತ್ರ ಇಂದಿಗೂ ಉಪಯೋಗದಲ್ಲಿದೆ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನದ ಅವಧಿ, ಅಂದರೆ ಸದ್ದು 60 ಡೆಸಿಬಲ್ ಇಳಿಯಲು ಹಿಡಿಯುವ ಸೆಕೆಂಡುಗಳು ಸಿಗುತ್ತವೆ.

ಮೇಲಿನ ಕೋಣೆಗೇ ಲೆಕ್ಕ ಹಾಕೋಣ. ಗೋಡೆ, ನೆಲ, ಚಾವಣಿ ಸೇರಿ 186 ಚದರ ಮೀಟರ್. ನುಣುಪಾದ ಗಾರೆ ತನ್ನ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಮೂರರಷ್ಟನ್ನು ಹೀರಿದರೆ ಒಟ್ಟು ಹೀರಿಕೆ ಐದೂವರೆ ಚದರ ಮೀಟರ್‌ಗೆ ಸಮ. ಅನುರಣನ ನಾಲ್ಕು ಸೆಕೆಂಡಿಗೂ ಮೇಲೆ. ಮಾತೂ ಕಲಸಿಹೋಗುವ ಗುಹೆ. 45 ಜನ ಕೂತಾಗ ತಲೆಗೆ 0.45ರಂತೆ 20 ಚದರ ಮೀಟರ್ ಹೀರಿಕೆ ಸೇರಿ ಅದು ಒಂದು ಸೆಕೆಂಡಿಗೆ ಬರುತ್ತದೆ. ಇಂಥ ಕೋಣೆಯಲ್ಲಿ ತಂತಿವಾದ್ಯ ಮತ್ತು ಕಂಠಕ್ಕೆ ಹಿತವಾದದ್ದು 0.6ರಿಂದ 0.8 ಸೆಕೆಂಡ್. 0.7ಕ್ಕೆ ತರಲು ಇನ್ನು ಹತ್ತು ಚದರ ಮೀಟರ್ ಹೀರಿಕೆ ಬೇಕು.

ಈ ಲೆಕ್ಕದೊಳಗೆ ಇನ್ನೊಂದು ಉತ್ತರವೂ ಇದೆ. ಆ ಹತ್ತು ಮೀಟರ್ ಹಾಕಿದ ಮೇಲೂ ಖಾಲಿ ಕೋಣೆಯ ಅನುರಣನ 1.6 ಸೆಕೆಂಡ್. ಸಂಜೆ ಐದಕ್ಕೆ ಸೌಂಡ್‌ಚೆಕ್ ಮಾಡಿ ಹೊಂದಿಸಿದ್ದು ಏಳಕ್ಕೆ ಜನ ತುಂಬಿದಾಗ ಒಣಗಿದಂತೆ ಕೇಳುವುದು ಇದರಿಂದಲೇ. ಮೆತ್ತನೆ ಸೀಟು, ಮೆತ್ತನೆ ಬೆನ್ನಿನ ಕುರ್ಚಿ ಹಾಕಿದರೆ ಖಾಲಿ ಕುರ್ಚಿಯೂ ಕೂತ ಮನುಷ್ಯನಷ್ಟೇ ಅಲ್ಲದಿದ್ದರೂ ಅದರ ಸಮೀಪಕ್ಕೆ ಹೀರುತ್ತದೆ, ಅಂತರ ಕುಗ್ಗುತ್ತದೆ. ಜನ ಅರ್ಧದಷ್ಟೇ ಬಂದ ದಿನವೂ ಕೋಣೆ ಹೆಚ್ಚು ಕೆಡುವುದಿಲ್ಲ. ಪ್ಲಾಸ್ಟಿಕ್ ಕುರ್ಚಿ ಕೊಂಡು ಗೋಡೆಗೆ ಪ್ಯಾನೆಲ್ ಹಾಕುವವರು ಈ ಲಾಭವನ್ನು ಕಳೆದುಕೊಳ್ಳುತ್ತಾರೆ.

ಪ್ಯಾನೆಲ್ ಆರಿಸುವಲ್ಲೇ ದೊಡ್ಡ ತಪ್ಪು ಆಗುವುದು. ಎರಡೂವರೆ ಸೆಂಟಿಮೀಟರ್ ದಪ್ಪದ, ಕೋನಕೋನದ ಸ್ಪಂಜನ್ನು ಗೋಡೆ ತುಂಬ ಅಂಟಿಸುತ್ತಾರೆ. ಅಷ್ಟು ತೆಳುವಾದದ್ದು ಹೀರುವುದು ಎತ್ತರದ ಕಂಪನಗಳನ್ನು ಮಾತ್ರ: ಪಿಟೀಲಿನ ಹೊಳಪು, ವ್ಯಂಜನಗಳ ಸ್ಪಷ್ಟತೆ. ಕೆಳಗಿನ ಗುಂಗು ಹಾಗೆಯೇ ಉಳಿಯುತ್ತದೆ. ಕೋಣೆ ಮಂಕೂ ಆಗುತ್ತದೆ, ಗುಂಯ್‌ಗುಡುವುದೂ ನಿಲ್ಲುವುದಿಲ್ಲ. ಒಂದು ಅಲೆಯನ್ನು ಚೆನ್ನಾಗಿ ಹೀರಲು ಪ್ಯಾನೆಲ್ಲಿನ ಹೊರಮೈ ಗೋಡೆಯಿಂದ ಆ ಅಲೆಯ ಕಾಲುಭಾಗದಷ್ಟು ದೂರ ಚಾಚಿರಬೇಕು. 500 ಹರ್ಟ್ಸ್‌ನ ಅಲೆಯ ಕಾಲುಭಾಗ 17 ಸೆಂಟಿಮೀಟರ್, 125 ಹರ್ಟ್ಸ್‌ನದು 69. ಹಾಗಾಗಿ 10 ಸೆಂಟಿಮೀಟರ್ ದಪ್ಪದ ಗ್ಲಾಸ್ ವೂಲ್ ಅಥವಾ ರಾಕ್ ವೂಲನ್ನು ಮರದ ಚೌಕಟ್ಟಿನಲ್ಲಿ ಕೂರಿಸಿ, ಗಾಳಿ ಆಡುವ ಬಟ್ಟೆ ಹೊದಿಸಿ, ಗೋಡೆಯಿಂದ ಇನ್ನೂ 10 ಸೆಂಟಿಮೀಟರ್ ದೂರಕ್ಕೆ ನಿಲ್ಲಿಸಬೇಕು. ಬಟ್ಟೆಗೆ ಬಾಯಿಟ್ಟು ಊದಿದರೆ ಉಸಿರು ಆಚೆ ಹೋಗಬೇಕು. ಹೋಗದ ಬಟ್ಟೆ ಸದ್ದನ್ನೂ ಒಳಬಿಡದು. ನಾರು ಉದುರದಂತೆ ಒಳಗೊಂದು ತೆಳು ಹೊದಿಕೆ ಇರಲಿ, ಬೆಂಕಿ ಹಿಡಿಯದ ದರ್ಜೆಯ ಸಾಮಗ್ರಿಯನ್ನೇ ಕೊಳ್ಳಿ. ಪ್ಯಾಕಿಂಗ್ ಸ್ಪಂಜು ಬೆಂಕಿಗೆ ತುತ್ತು, ಜನ ಸೇರುವ ಜಾಗದಲ್ಲಿ ಅದಕ್ಕೆ ಎಡೆಯೇ ಇರಬಾರದು.

ಎಲ್ಲಿ ಹಾಕಬೇಕು? ಎದುರುಬದುರಿನ ಬರಿಯ ಗೋಡೆಗಳ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಟರ್ರ್ ಎಂದು ಸ್ಪ್ರಿಂಗಿನಂತೆ ಸದ್ದು ಓಡಾಡಿದರೆ ಆ ಜೋಡಿಯಲ್ಲಿ ಒಂದು ಗೋಡೆಗೆ ಪ್ಯಾನೆಲ್ ಅಥವಾ ಪುಸ್ತಕ ತುಂಬಿದ ಕಪಾಟು ಬೇಕು. ಮುಂದಿನ ಪಾಲು ಕೇಳುಗರ ಹಿಂದಿನ ಗೋಡೆಗೆ, ಆಮೇಲೆ ಮೂಲೆಗಳಿಗೆ. ಕಲಾವಿದರ ಹಿಂದಿನ ಗೋಡೆಯನ್ನು ಮಾತ್ರ ಪೂರ್ತಿ ಮುಚ್ಚಬೇಡಿ, ಅಲ್ಲಿಂದ ತಿರುಗಿ ಬರುವ ಸದ್ದೇ ಮೈಕ್ ಇಲ್ಲದ ಕಾರ್ಯಕ್ರಮದ ಸ್ಪೀಕರ್. ಆ ಗೋಡೆಗೆ ಮರದ ಹಲಗೆ ಒಳ್ಳೆಯದು.

ಮೂಲೆಯ ಗುಂಗಿಗೆ ಅಳತೆಯೇ ಕಾರಣ. 3.2 ಮೀಟರ್ ಎತ್ತರದಲ್ಲಿ ನೆಲ ಚಾವಣಿಗಳ ನಡುವೆ ಪುಟಿಯುತ್ತ ಬಲಗೊಂಡು ನಿಲ್ಲುವ ಅಲೆ 54 ಹರ್ಟ್ಸ್, ಅದರ ಎರಡರಷ್ಟು 107. ಗಿಟಾರಿನ ಪೆಟ್ಟಿಗೆಯೊಳಗಿನ ಗಾಳಿ ಅನುರಣಿಸುವುದೂ 100 ಹರ್ಟ್ಸ್‌ನ ಆಸುಪಾಸಿನಲ್ಲೇ. ಎರಡೂ ಕೂಡಿದಾಗ ಕೆಳ ತಂತಿಗಳಲ್ಲಿ ಒಂದೆರಡು ಸ್ವರ ಮಾತ್ರ ಉಬ್ಬಿ ಬರುತ್ತವೆ. ಕಲಾವಿದರ ಕುರ್ಚಿಯನ್ನು ಅರ್ಧ ಮೀಟರ್ ಅತ್ತಿತ್ತ ಸರಿಸಿದರೆ ಉದ್ದ ಅಗಲದ ಅಲೆಗಳ ಕಾಟ ಎಷ್ಟೋ ತಗ್ಗುತ್ತದೆ. ಎತ್ತರದ ಅಲೆಗೆ ಚಾವಣಿಯಿಂದ ಇಳಿಬಿಟ್ಟ ದಪ್ಪ ಪ್ಯಾನೆಲ್ಲೇ ಬೇಕು.

ಕೂರಿಸುವ ಬಗೆ

ಬಯಲಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಕೋಣೆಯಲ್ಲಿ ಹಾಗಲ್ಲ. ಕಲಾವಿದರಿಂದ ಒಂದೂವರೆ ಮೀಟರ್ ಆಚೆಗೆ ಗೋಡೆಗಳಿಂದ ಬಂದ ಸದ್ದೇ ಹೆಚ್ಚಾಗಿ, ಇಳಿಕೆ ನಿಧಾನವಾಗುತ್ತದೆ. ಹಾಗಾದರೆ ಹಿಂದೆ ಕೂತವರು ಕಳೆದುಕೊಳ್ಳುವುದು ಏನು? ಜೋರಿಗಿಂತ ಹೆಚ್ಚಾಗಿ ಸ್ಪಷ್ಟತೆ. ನೇರವಾಗಿ ಬರುವ ನಾದ ಮುಂದೆ ಕೂತವರ ತಲೆಗಳ ಮೇಲೆ ಸವರಿಕೊಂಡು ಹೋಗುವಾಗ ಅದರ ಹೊಳಪು ಹೀರಿಹೋಗುತ್ತದೆ. 30–40 ಸೆಂಟಿಮೀಟರ್ ಎತ್ತರದ ವೇದಿಕೆ ಇದಕ್ಕೆ ಪರಿಹಾರ. ವೇದಿಕೆಯೊಳಗೆ ಟೊಳ್ಳು ಉಳಿದರೆ ಹೆಜ್ಜೆ ಇಟ್ಟಾಗಲೆಲ್ಲ ಡೋಲಿನಂತೆ ಸದ್ದಾಗುತ್ತದೆ, ಅಡಿಗೆ ಗ್ಲಾಸ್ ವೂಲ್ ತುಂಬಿ.

ವೇದಿಕೆಯನ್ನು ಸಾಮಾನ್ಯವಾಗಿ ಕಿರಿಯ ಗೋಡೆಗೆ ಹಾಕುತ್ತಾರೆ. ಮೈಕ್ ಇಲ್ಲದ ಸಂಗೀತಕ್ಕೆ ಉದ್ದ ಗೋಡೆಯ ನಡುವೆ ಹಾಕಿ ಕುರ್ಚಿಗಳನ್ನು ಅರ್ಧಚಂದ್ರಾಕಾರದಲ್ಲಿ ಇಡುವುದು ಎಷ್ಟೋ ಮೇಲು. 6 ಮೀಟರ್ ಅಗಲದಲ್ಲಿ ವೇದಿಕೆಗೆ ಎರಡು ಮೀಟರ್ ಬಿಟ್ಟರೂ ನಾಲ್ಕು ಸಾಲಿಗಿಂತ ಹೆಚ್ಚು ಬೇಕಾಗದು, ಯಾರೂ ಆರು ಮೀಟರ್‌ಗಿಂತ ದೂರ ಇರುವುದಿಲ್ಲ. ಸಾಲಿಂದ ಸಾಲಿಗೆ 90 ಸೆಂಟಿಮೀಟರ್, ಒಂದು ಸಾಲಿನ ಕುರ್ಚಿ ಹಿಂದಿನ ಸಾಲಿನ ಎರಡು ಕುರ್ಚಿಗಳ ನಡುವಿಗೆ. ಬಾಗಿಲು ಕೇಳುಗರ ಬೆನ್ನ ಹಿಂದೆ ಇರಲಿ, ತಡವಾಗಿ ಬಂದವರಿಗೆ ಅದರ ಪಕ್ಕದಲ್ಲೇ ನಾಲ್ಕು ಕುರ್ಚಿ ಖಾಲಿ ಇಡಿ.

ಮೈಕ್ ಬೇಕಾದಾಗ

ಕೆಲವು ಜೋಡಿಗೆ ನೆರವು ಬೇಕೇ ಬೇಕು. ವೀಣೆ ತಾಳವಾದ್ಯದ ಮುಂದೆ, ಮೆಲುದನಿ ಗಾಯನ ಉಕ್ಕಿನ ತಂತಿಯ ಗಿಟಾರಿನ ಮುಂದೆ ಸೋಲುತ್ತದೆ. ಆಗ ಸೋಲುತ್ತಿರುವುದನ್ನು ಮಾತ್ರ ಎತ್ತಬೇಕು, ಎಲ್ಲಕ್ಕೂ ಮೈಕ್ ಇಡಬಾರದು. ತೆರೆದ ಮೈಕುಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಫೀಡ್‌ಬ್ಯಾಕಿಗೆ (ಸ್ಪೀಕರಿನ ಸದ್ದು ಮೈಕಿಗೇ ಮರಳಿ ಕೂಗಿಡುವುದು) ಮುನ್ನ ಸಿಗುವ ಏರಿಕೆ 3 ಡೆಸಿಬಲ್ ಕಡಿಮೆಯಾಗುತ್ತದೆ. ನಾಲ್ಕು ಮೈಕಿಟ್ಟರೆ 6 ಡೆಸಿಬಲ್ ಹೋಯಿತು. ಅದೇ ಮೈಕನ್ನು ಬಾಯಿಗೆ ಅರ್ಧ ದೂರಕ್ಕೆ ತಂದರೆ 6 ಡೆಸಿಬಲ್ ಪುಕ್ಕಟೆ ಸಿಗುತ್ತದೆ.

ಗಿಟಾರಿಗೆ ಮೈಕನ್ನು ರಂಧ್ರದ ಎದುರು ಇಟ್ಟರೆ ಗಾಳಿಯ ಗುಂಗೇ ಬರುತ್ತದೆ. 20–30 ಸೆಂಟಿಮೀಟರ್ ದೂರದಲ್ಲಿ, ಕತ್ತು ಪೆಟ್ಟಿಗೆಗೆ ಸೇರುವ ಜಾಗದತ್ತ ಮುಖ ಮಾಡಿ. ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕಿನ ಕಿವುಡು ದಿಕ್ಕು ನೇರ ಹಿಂಬದಿ, ಇನ್ನೂ ಕಿರಿದಾಗಿ ಹಿಡಿಯುವ ಹೈಪರ್‌ಕಾರ್ಡಿಯಾಯ್ಡಿನದು ಓರೆಯಾಗಿ 110 ಡಿಗ್ರಿಯಲ್ಲಿ. ಮಾನಿಟರ್ ಇಡಲೇಬೇಕಾದರೆ ಆ ದಿಕ್ಕಿಗೇ. ಸಣ್ಣ ಕೋಣೆಯಲ್ಲಿ ಮಾನಿಟರ್ ಬೇಡವೆಂದು ಕಲಾವಿದರನ್ನು ಒಪ್ಪಿಸುವುದು ಇನ್ನೂ ಒಳ್ಳೆಯದು. ಅವರ ಹಿಂದಿನ ಮರದ ಗೋಡೆ ಆ ಕೆಲಸ ಮಾಡುತ್ತದೆ. ಫೀಡ್‌ಬ್ಯಾಕ್ ಕೂಗುವ ಒಂದೆರಡು ಕಂಪನಗಳನ್ನಷ್ಟೇ, ಮೈಕುಗಳ ಸದ್ದು ಹೊಂದಿಸುವ ಮಿಕ್ಸರಿನಲ್ಲಿ ಕಿರಿದಾಗಿ 3ರಿಂದ 6 ಡೆಸಿಬಲ್ ಇಳಿಸಬಹುದು. ಮೂರನೆಯದು ಬೇಕಾಯಿತೆಂದರೆ ಮಿಕ್ಸರ್ ಬಿಟ್ಟು ಮೈಕನ್ನೋ ಸ್ಪೀಕರನ್ನೋ ಸರಿಸಬೇಕು.

ವಾದ್ಯದ ಕಂಪನವನ್ನು ವಿದ್ಯುತ್ ಆಗಿಸುವ ಪೀಜೋ ಪಿಕಪ್ ತೆಳ್ಳಗೆ, ತಗಡಿನಂತೆ ಕೇಳುತ್ತದೆಂಬ ದೂರು ಅನೇಕ ಸಲ ಪಿಕಪ್ಪಿನ ದೋಷವಲ್ಲ. ಪೀಜೋ ಒಂದು ಕೆಪ್ಯಾಸಿಟರ್ ಇದ್ದ ಹಾಗೆ. ಅದನ್ನು ಮಿಕ್ಸರಿನ ಹತ್ತು ಸಾವಿರ ಓಮ್ ತಡೆಯ ಒಳದಾರಿಗೆ (ಇನ್‌ಪುಟ್) ನೇರ ಸೇರಿಸಿದರೆ ಕೆಳಸ್ವರಗಳು ಸೋರಿಹೋಗುತ್ತವೆ. ಒಳದಾರಿ ಕನಿಷ್ಠ ಹತ್ತು ಲಕ್ಷ ಓಮ್ ಇರುವ ಆ್ಯಕ್ಟಿವ್ ಡಿ.ಐ. ಬಾಕ್ಸ್ ಎಂಬ ಸಣ್ಣ ಪೆಟ್ಟಿಗೆಯನ್ನು ವಾದ್ಯಕ್ಕೂ ಮಿಕ್ಸರಿಗೂ ನಡುವೆ ಇಟ್ಟರೆ ವಾದ್ಯಕ್ಕೆ ಮೈ ಬರುತ್ತದೆ.

ಸ್ಪೀಕರ್ ಇದ್ದೂ ಇಲ್ಲದಂತೆ ಕೇಳಿಸುವ ಉಪಾಯ ಒಂದಿದೆ, ಸಣ್ಣ ಕೋಣೆಗಳಲ್ಲಿ ಇದನ್ನು ಬಳಸುವವರು ಕಡಿಮೆ. ಎರಡು ಕಡೆಯಿಂದ ಒಂದೇ ನಾದ ಬಂದಾಗ ಕಿವಿ ಮೊದಲು ಬಂದದ್ದರ ದಿಕ್ಕನ್ನೇ ನಂಬುತ್ತದೆ ಎಂದು ಜರ್ಮನ್ ವಿಜ್ಞಾನಿ ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸಿದ. ಸ್ಪೀಕರಿನ ಸದ್ದನ್ನು 10ರಿಂದ 20 ಮಿಲಿಸೆಕೆಂಡ್ ತಡವಾಗಿಸಿದರೆ ಅದು ಸ್ವಲ್ಪ ಜೋರಾಗಿದ್ದರೂ ನಾದ ಕಲಾವಿದರಿಂದಲೇ ಬಂದಂತೆ ತೋರುತ್ತದೆ. ಸದ್ದು ಒಂದು ಮೀಟರ್ ಸಾಗಲು ಸುಮಾರು 2.9 ಮಿಲಿಸೆಕೆಂಡ್ ಬೇಕು. ಸ್ಪೀಕರ್ ಕಲಾವಿದರಿಗಿಂತ ಮೂರು ಮೀಟರ್ ಮುಂದಿದ್ದರೆ ಆ ದೂರಕ್ಕೆ 9, ಅದರ ಮೇಲೆ 10, ಒಟ್ಟು 19 ಮಿಲಿಸೆಕೆಂಡ್ ಡಿಲೇ. ಸ್ಪೀಕರ್ ಮೈಕಿಗಿಂತ ಮುಂದಿರುವುದರಿಂದ ಫೀಡ್‌ಬ್ಯಾಕ್ ಭಯವೂ ತಗ್ಗುತ್ತದೆ. ವಾಲ್ಯೂಮ್ ಸರಿಯೇ ಎಂದು ತಿಳಿಯಲು ಹಾಡಿನ ನಡುವೆ ಮೆಲ್ಲಗೆ ಅದನ್ನು ಪೂರ್ತಿ ಇಳಿಸಿ ನೋಡಿ. ಇಳಿದ ಮೇಲಷ್ಟೇ ಅದು ಇತ್ತೆಂದು ಗೊತ್ತಾಗಬೇಕು.

ದುಡ್ಡು ಬರುವ ದಾರಿ

ಕೋಣೆ ನಿಶ್ಶಬ್ದವಾಗಿ ಉಳಿಯುವುದೋ ಇಲ್ಲವೋ ಎಂಬುದು ಕೊನೆಗೆ ಆದಾಯದ ಮೂಲದ ಮೇಲೆ ನಿಂತಿದೆ. ತಿಂಡಿ ಪಾನೀಯದ ಮಾರಾಟದಿಂದ ಬಾಡಿಗೆ ಕಟ್ಟುವ ಜಾಗದಲ್ಲಿ ಸಂಗೀತದ ನಡುವೆಯೇ ಮಾರಬೇಕಾಗುತ್ತದೆ: ಗ್ಲಾಸು, ಮಿಕ್ಸಿ, ಬಿಲ್ಲು, ಓಡಾಟ. ಇಂಥಲ್ಲಿ "ದಯವಿಟ್ಟು ನಿಶ್ಶಬ್ದ" ಎಂಬ ಫಲಕ ಏನೂ ಮಾಡಲಾರದು. ಹಣ ಬಾಗಿಲಲ್ಲೇ ಟಿಕೆಟ್ಟಿನಿಂದ ಬಂದರೆ, ಮಾರಾಟವನ್ನು ಮುಂಚಿನ ಅರ್ಧ ಗಂಟೆಗೂ ವಿರಾಮಕ್ಕೂ ಸೀಮಿತ ಮಾಡಬಹುದು. 1982ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ತೆರೆದ ಬ್ಲೂಬರ್ಡ್ ಕೆಫೆ ಸುಮಾರು 90 ಸೀಟಿನ ಜಾಗ. ಅಲ್ಲಿ ಹಾಡಿನ ನಡುವೆ ಮಾತಾಡುವವರನ್ನು ಸುಮ್ಮನಿರಿಸುವುದೇ ಅದರ ಗುರುತಾಗಿ, ಗೀತೆ ಬರೆಯುವವರು ಹುಡುಕಿಕೊಂಡು ಬರುವಂತಾಯಿತು. 2009ರಲ್ಲಿ ಲಂಡನ್ನಿನ ಮನೆಯೊಂದರಲ್ಲಿ ಶುರುವಾದ, ಆಪ್ತ ಕಾರ್ಯಕ್ರಮ ನಡೆಸುವ ಸೋಫಾರ್ ಸೌಂಡ್ಸ್ ಹುಟ್ಟಿದ್ದೂ ಕಾರ್ಯಕ್ರಮದ ನಡುವಿನ ಹರಟೆಯ ಬೇಸರದಿಂದಲೇ.

ನೆರೆಯವರ ದೂರು ಇನ್ನೊಂದು ಅಪಾಯ. ಕೋಣೆ ಮೊದಲಿದ್ದು ಪಕ್ಕದಲ್ಲಿ ವಸತಿ ಕಟ್ಟಡ ಆಮೇಲೆ ಎದ್ದರೆ ಸದ್ದು ತಡೆಯುವ ಹೊಣೆ ಯಾರದು? ಬದಲಾವಣೆ ತಂದವರದೇ ಎಂಬ ತತ್ವವನ್ನು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲಿ, ಇಂಗ್ಲೆಂಡ್ 2018ರಲ್ಲಿ ತಮ್ಮ ಯೋಜನಾ ನೀತಿಗೆ ಸೇರಿಸಿಕೊಂಡವು. ಅಂಥ ರಕ್ಷಣೆ ಇಲ್ಲದ ಕಡೆ ಇರುವ ಗಟ್ಟಿ ಆಸರೆ ಎಂದರೆ ವಾದ್ಯದ ಸಹಜ ಸದ್ದಿನಲ್ಲೇ ನಡೆಸುವುದು. ಗೋಡೆ ದಾಟಿ ಹೋಗುವುದು ಹೆಚ್ಚಾಗಿ ಸಬ್‌ವೂಫರಿನ, ಅಂದರೆ ಕೆಳಸ್ವರಗಳಿಗೆಂದೇ ಇರುವ ಸ್ಪೀಕರಿನ, ಕೆಳಗಿನ ಕಂಪನ. ಒಳಗೆ ಅಂಟಿಸಿದ ಪ್ಯಾನೆಲ್ ಅದನ್ನು ತಡೆಯದು, ಅದಕ್ಕೆ ಗೋಡೆಯ ತೂಕವೇ ಬೇಕು.

ಆ ಸಂಜೆಯ ಮೊದಲ ಗಂಟೆ

ಮರದ ವಾದ್ಯಗಳಿಗೆ ಗಾಳಿಯ ತೇವ 45ರಿಂದ 55 ಶೇಕಡಾ ಹಿತ. 40ರ ಕೆಳಗೆ ಮರ ಬಿರುಕು ಬಿಡುವ ಭಯ, 60ರ ಮೇಲೆ ಉಬ್ಬಿ ನಾದ ಮಂಕು. ಶ್ರುತಿಯ ಕಾಟ ಇನ್ನೂ ಹತ್ತಿರದ್ದು. ಕೋಣೆ ಬಿಸಿಯಾದಂತೆ ಉಕ್ಕಿನ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ಕೊಳಲಿನ ಶ್ರುತಿ ಮಾತ್ರ ಏರುತ್ತದೆ, ಏಕೆಂದರೆ ಬಿಸಿ ಗಾಳಿಯಲ್ಲಿ ಸದ್ದಿನ ವೇಗ ಹೆಚ್ಚು. ಒಂದು ಡಿಗ್ರಿಗೆ ಸುಮಾರು 3 ಸೆಂಟ್, ಅಂದರೆ ಅರ್ಧಸ್ವರದ ನೂರರಲ್ಲಿ ಮೂರು ಪಾಲು. ಜನ ತುಂಬಿ ಐದು ಡಿಗ್ರಿ ಏರಿದರೆ ಕೊಳಲು 15 ಸೆಂಟ್ ಮೇಲೆ, ಗಿಟಾರ್ ಅಷ್ಟಿಷ್ಟು ಕೆಳಗೆ. ಇಬ್ಬರೂ ಸಂಜೆ ಐದಕ್ಕೆ ಸರಿಯಾಗಿಯೇ ಕೂಡಿಸಿಕೊಂಡಿದ್ದರು. ಹಾಗಾಗಿ ವಾದ್ಯಗಳು ಕಾರ್ಯಕ್ರಮಕ್ಕೆ ಮುಕ್ಕಾಲು ಗಂಟೆ ಮೊದಲೇ ಪೆಟ್ಟಿಗೆಯಿಂದ ಹೊರಬಂದು, ಎ.ಸಿ.ಯ ಗಾಳಿ ನೇರ ಬೀಳದ ಕಡೆ, ಅಂದು ಉರಿಯುವ ದೀಪಗಳ ಬೆಳಕಿನಲ್ಲೇ ಇರಬೇಕು. ಶಾಖ ಚೆಲ್ಲುವ ಹ್ಯಾಲೊಜನ್ ಬದಲು ಎಲ್.ಇ.ಡಿ. ಇದ್ದರೆ ವೇದಿಕೆಯ ಕಾವು ಎಷ್ಟೋ ಕಡಿಮೆ. ಅಂತಿಮ ಶ್ರುತಿ ಜನ ಕೂತು ಐದು ನಿಮಿಷವಾದ ಮೇಲೆ. ಆ ಶ್ರುತಿ ಕೂಡಿಸುವ ಸದ್ದು ಕೊನೆಯ ಸಾಲಿಗೆ ಸ್ಪಷ್ಟವಾಗಿ ಕೇಳಿಸುತ್ತಿದ್ದರೆ ಮೈಕಿನ ತಂತಿ ಚೀಲದಲ್ಲೇ ಇರಲಿ.